ಹಸಿರು ವೈರಿನ ಚಪ್ಪಲಿ

ಕ್ಯಾತನಹಳ್ಳಿ
12-11-2025, ಬುಧವಾರ

ಪ್ರೀತಿಯ ಪುಟ್ಟತಾಯಕ್ಕನಿಗೆ,

ಗೋವಿಂದನಹಳ್ಳಿಯಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಹತ್ತು ದಿನದಿಂದ ಫೋನು ಮಾಡಿಲ್ಲ, ನೀನು ಬೈದುಕೊಳ್ಳುತ್ತಿದ್ದೀಯ ಅಂತ ಗೊತ್ತು. ಬೈಸಿಕೊಳ್ಳುತ್ತೇನೆ. ನನ್ನ ಫೋನು ಈಗ ಇವರ ಜೇಬಿನಲ್ಲಿದೆ. ಇವತ್ತು ಇವರು ಪಾಂಡವಪುರಕ್ಕೆ ಹೋಗಿದ್ದಾರೆ, ಅತ್ತೆ ಹಸು ಹಿಡಿದುಕೊಂಡು ನಾಲೆ ಕಡೆ ಹೋಗಿದ್ದಾರೆ. ಬೈಕಿನ ಸದ್ದು ಕೇಳಿದಾಗಲೆಲ್ಲ ಈ ಹಾಳೆಯನ್ನು ಅಕ್ಕಿ ಡಬ್ಬಕ್ಕೆ ತುರುಕಿ ಮತ್ತೆ ತೆಗೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನಾನು ಚಿಕ್ಕಿ ಮಾಡುವುದನ್ನು ಕಲಿಯಲು ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದೆನಲ್ಲ, ಅದು ಚರ್ಚಿನವರದು ಅಂತ ನಿನಗೂ ಹೇಳಿರಲಿಲ್ಲ. ಮೈಸೂರಿನ ಒಂದು ಚರ್ಚಿನವರು ಅಲ್ಲಿನ ಚರ್ಚಿನ ಪಕ್ಕದ ಹಾಲ್‌ನಲ್ಲಿ ಕೆಲಸವಿಲ್ಲದವರಿಗೆ ಸ್ವಂತ ವ್ಯಾಪಾರ ಕಲಿಸುತ್ತಾರೆ. ನಮ್ಮನೆಯಲ್ಲಿ ಇವರ ವ್ಯಾನ್ ಡ್ರೈವರ್ ಕೆಲಸ ಹೋಗಿ ವರ್ಷವಾಯಿತು. ಅಲ್ಲಿ ಕಲಿಸುವ ಲೂರ್ದಮ್ಮ ಟೀಚರ್ ನಮಗೆ ಬೆಲ್ಲದ ಪಾಕದ ಹದ ಹೇಳಿಕೊಡಲಿಲ್ಲ, ಅದನ್ನು ನಾವೇ ಅವರಿಗೆ ಹೇಳಿಕೊಟ್ಟೆವು! ಅವರು ಕಲಿಸಿದ್ದು ಅಂಗಡಿಯವನ ಎದುರು ತಲೆಯೆತ್ತಿ ಮಾತಾಡುವುದನ್ನು. "ಕೆಲಸ ಕೊಡಿ ಅಂತ ಕೇಳಬೇಡಿ, ಚಿಕ್ಕಿ ತಗೊಳ್ಳಿ ಅಂತ ಹೇಳಿ" ಅನ್ನುತ್ತಿದ್ದರು. ಪಾಂಡವಪುರದ ಎರಡು ಬೇಕರಿಯವರು ಒಪ್ಪಿದ್ದರು ಅಕ್ಕ. ಪ್ಯಾಕೆಟ್ಟಿನ ಮೇಲೆ ನನ್ನ ಹೆಸರಿತ್ತು. ಅದನ್ನು ನೋಡಿದ ದಿನ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಪ್ರಾರ್ಥನೆ ಮಾಡಿ ಅಂತ ಯಾರೂ ಹೇಳಲಿಲ್ಲ, ದೇವರಾಣೆಗೂ ಇಲ್ಲ. ಮೊದಲ ದಿನ ಟೀಚರ್ "ಚಪ್ಪಲಿ ಹಾಕ್ಕೊಂಡೇ ಬನ್ನಿ" ಅಂದರೂ ನಾನೇ ಬಾಗಿಲಲ್ಲಿ ಬಿಟ್ಟೆ. ಒಲೆ ಉರಿಯುವ ಕಡೆ ಚಪ್ಪಲಿ ಮೆಟ್ಟಿಕೊಂಡು ಹೋಗಲು ನಮಗೆ ಮನಸ್ಸು ಬರುತ್ತದೆಯೇ? ನನ್ನನ್ನು ನೋಡಿ ಉಳಿದವರೂ ಬಿಟ್ಟರು. ದಿನಾ ಹಾಗೇ ಆಯಿತು.

ಆ ಚಪ್ಪಲಿ ಸಾಲಿನ ಫೋಟೋವನ್ನು ಯಾರೋ ತೆಗೆದು ವಾಟ್ಸಾಪಿಗೆ ಹಾಕಿದರು. ಹಿಂದೆ ಶಿಲುಬೆ ಕಾಣುತ್ತದೆ. ನಮ್ಮ ಹೆಂಗಸರನ್ನು ಬರಿಗಾಲಲ್ಲಿ ಪ್ರಾರ್ಥನೆಗೆ ಕೂರಿಸುತ್ತಾರೆ ಅಂತ ಕೆಳಗೆ ಬರೆದಿದ್ದರು. ಮುಖ ಯಾರದೂ ಇಲ್ಲ. ಆದರೆ ಕಿತ್ತುಹೋಗಿದ್ದ ನನ್ನ ಎಡಗಾಲಿನ ಚಪ್ಪಲಿಗೆ ಹಸಿರು ವೈರು ಸುತ್ತಿಕೊಟ್ಟಿದ್ದು ಇವರೇ. ಫೋಟೋ ನೋಡಿದ್ದೇ, ಎದ್ದು ಹೋಗಿ ಚಪ್ಪಲಿಯನ್ನು ನಾಲೆಗೆ ಎಸೆದು ಬಂದರು.

ಮರುದಿನ ಅದೇ ಫೋಟೋ ಹಿಡಿದುಕೊಂಡು ನಾಲ್ಕು ಜನ ಮನೆಗೆ ಬಂದರು. ನಾವು ಹಾಲು ಹಾಕುವ ಡೇರಿಯ ಕೃಷ್ಣನೂ ಇದ್ದ, ನನ್ನ ಚಪ್ಪಲಿಯ ಹಸಿರು ವೈರನ್ನು ದಿನಾ ನೋಡುತ್ತಿದ್ದವನೇ. "ಎದುರ್ಕೋಬ್ಯಾಡಿ ಸುನಿತಕ್ಕ, ನಿಮ್ ಮ್ಯಾಲೆ ನಮ್ಗೇನ್ ಸಿಟ್ಟಿಲ್ಲ. ಬಲವಂತ ಮಾಡುದ್ರು ಅಂತ ಒಂದ್ ಕಾಗ್ದ ಬರ್ಕೊಟ್ಬುಡಿ, ಅಷ್ಟೇಯ" ಅಂದ. ಎಷ್ಟು ಮೆತ್ತಗೆ ಅಂದ ಗೊತ್ತಾ, ಅದಕ್ಕೇ ಹೆಚ್ಚು ಭಯವಾಯಿತು. ಅತ್ತೆ ಒಳಗಿನಿಂದಲೇ, "ನಾಳೀಕೆ ನಮ್ಮನೆ ಹಾಲ ಡೇರೀಲಿ ಬ್ಯಾಡ ಅಂದ್ಬುಟ್ರೆ ಏನ್ಲಾ ಮಾಡೀಯೆ ಸಿದ್ದರಾಜ?" ಅಂದರು. ಇವರು ಗೋಡೆ ನೋಡುತ್ತಾ, "ಬರ್ಕೊಡು" ಅಂದರು.

ಅದೇ ಜನ ಟೀಚರ್ ಹತ್ತಿರವೂ ಹೋಗಿ ಹೆಂಗಸರ ಹೆಸರಿನ ಪಟ್ಟಿ ಕೇಳಿದರಂತೆ. ನನ್ನ ಜೊತೆ ಚಿಕ್ಕಿ ಕಲಿಯುತ್ತಿದ್ದ ಪ್ರಿಯಾಂಕ ಬಂದು ಹೇಳಿದಳು: "ಕೊಡ್ಲೇ ಇಲ್ಲ ಕಣಕ್ಕ. ಹರ್ದು ಒಲೆಗ್ ಆಕ್ಬುಟ್ರಂತೆ."

ಈಗ ಹಾಲ್‌ಗೆ ಬೀಗ. ನನಗೆ ಅಂಗಡಿಗೆ ಹೋಗಲೂ ಭಯ. ಯಾರಾದರೂ ನನ್ನ ಕಾಲು ನೋಡಿದರೆ ಸೀರೆಯ ಅಂಚನ್ನು ಕೆಳಗೆ ಎಳೆದುಕೊಳ್ಳುತ್ತೇನೆ. ನಾಲ್ಕು ದಿನ ನಿನ್ನ ಮನೆಗೆ ಬಂದು ಇರಲೇ? ಭಾವನನ್ನು ಕೇಳಿ, ಸೋಮವಾರದೊಳಗೆ ಯಾರನ್ನಾದರೂ ಕಳಿಸು. ಪ್ರಿಯಾಂಕ ನಾಳೆ ಕೆ.ಆರ್. ಪೇಟೆ ಕಡೆ ಬರುತ್ತಾಳೆ, ಈ ಕಾಗದ ಅವಳೇ ಕೊಡುತ್ತಾಳೆ.

ನಿನ್ನ ಮಕ್ಕಳನ್ನು ಪಂಚಲಿಂಗೇಶ್ವರ ತಣ್ಣಗಿಟ್ಟಿರಲಿ. ನಿನ್ನ ಆಶೀರ್ವಾದ ಮಾತ್ರ ಈಗ ನನಗೇ ಬೇಕು.

ನಿನ್ನ ತಂಗಿ
ಸುನಿತಾ

ವಿ.ಸೂ.: ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಬರೆದುಕೊಟ್ಟೆ ಅಕ್ಕ. ಟೀಚರೇ ಬಲವಂತವಾಗಿ ಚಪ್ಪಲಿ ಬಿಡಿಸಿ ಪ್ರಾರ್ಥನೆಗೆ ಕೂರಿಸಿದರು ಅಂತ ಬರೆದು ರುಜು ಹಾಕಿದೆ. ಕೃಷ್ಣನ ಕಡೆಯವರು ಅದನ್ನು ದೂರು ಅಂತ ಪೊಲೀಸರಿಗೆ ಕೊಟ್ಟಿದ್ದಾರೆ. ಸೋಮವಾರ ಠಾಣೆಯಲ್ಲಿ ಟೀಚರ್ ಎದುರು ನಿಂತು ಅದನ್ನೇ ಹೇಳಬೇಕಂತೆ. ದೂರು ಕೊಟ್ಟವರು ಯಾರು ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ಸುನಿತಾ ಬರಿಗಾಲಲ್ಲಿ ಓಡಾಡುತ್ತಾಳಂತಲ್ಲ ಅಂತ ನಿನ್ನೆ ಪ್ರಿಯಾಂಕಳ ಕೈಯಲ್ಲಿ ಒಂದು ಜೊತೆ ಹೊಸ ಚಪ್ಪಲಿ ಕಳಿಸಿದ್ದಾರೆ. ಅಳತೆ ಸರಿಯಾಗಿದೆ. ಅಟ್ಟದ ಮೇಲೆ ಬಚ್ಚಿಟ್ಟಿದ್ದೇನೆ.