ಕೆಂಪು ಕಾರನ್ನು ಆರಿಸಿದವನು

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಮಗಳ ಭುಜದ ಮೂಳೆ ಕೂಡಿಕೊಳ್ಳುತ್ತಿದೆ, ಗಾಬರಿ ಬೇಡ. ನಿನ್ನೆ ನೀವು ಫೋನಿನಲ್ಲಿ, "ಬಣ್ಣಕ್ಕೆ ಮರುಳಾಗಿ ಆ ಕೆಂಪು ಕಾರು ತಗೊಂಡ್ಯಲ್ಲೇ, ಬುದ್ಧಿ ಎಲ್ಲಿಟ್ಟಿದ್ದೆ?" ಎಂದು ಅವಳನ್ನು ಬೈದಿರಿ. ನಾನು ಪಕ್ಕದಲ್ಲೇ ಕುಳಿತು ಕಿತ್ತಳೆ ಸುಲಿಯುತ್ತಿದ್ದೆ. ಸುಲಿಯುತ್ತಲೇ ಹೋದೆ.

ಬಣ್ಣಕ್ಕೆ ಮರುಳಾದವನು ನಾನು, ಅತ್ತೆ. ಶೋರೂಮಿನಲ್ಲಿ ಎರಡು ಸ್ಪೋರ್ಟ್ಸ್ ಕಾರು ನೋಡಿದೆವು. ಬೂದು ಬಣ್ಣದ್ದಕ್ಕೆ ಸುರಕ್ಷತೆಯಲ್ಲಿ ಐದು ಸ್ಟಾರ್, ಬಾಗಿಲ ಪಕ್ಕದಲ್ಲೂ ಏರ್‌ಬ್ಯಾಗ್. ಕೆಂಪು ಬಣ್ಣದ್ದಕ್ಕೆ ಮೂರೇ ಸ್ಟಾರ್, ಪಕ್ಕದ ಏರ್‌ಬ್ಯಾಗ್ ಇಲ್ಲ. ಅವಳು ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು.

"ರೀ, ಬೂದು ಬಣ್ಣದ್ದೇ ತಗೊಳ್ಳೋಣ," ಎಂದಳು.

"ಅದು ಮುದುಕರ ಕಾರು ಕಣೇ. ನಾನು ಓಡಿಸುವಾಗ ನಿನಗೇನು ಭಯ?" ಎಂದು ಮಾರುವವನ ಎದುರಿಗೇ ನಕ್ಕುಬಿಟ್ಟೆ. ಅವಳು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಆ ದಿನ ನಾನು ಓಡಿಸುತ್ತಿದ್ದಾಗ ತಿರುವಿನಲ್ಲಿ ವ್ಯಾನು ಗುದ್ದಿದ್ದು ಅವಳ ಬಾಗಿಲಿಗೆ. ನನಗೆ ಒಂದು ಗೀರೂ ಆಗಲಿಲ್ಲ. ನೀವು ಆಸ್ಪತ್ರೆಗೆ ಓಡಿ ಬಂದಾಗ ಅವಳೇ ಮೊದಲು, "ಕಾರು ಆರಿಸಿದ್ದು ನಾನೇ ಅಮ್ಮ," ಎಂದಳು. ನನ್ನ ಮಾನ ಉಳಿಸಲು ಹಾಗೆಂದಳು. ನಾನೂ ಸುಮ್ಮನೆ ಉಳಿಸಿಕೊಂಡೆ.

ಭಾನುವಾರ ಬಂದಾಗ ನನ್ನನ್ನು ಬೈಯಿರಿ, ಅವಳೆದುರಿಗೇ ಬೈಯಿರಿ. ಅವಳು ಅಡ್ಡ ಬಂದರೂ ಬಿಡಬೇಡಿ. ಮುಂಭಾಗದಲ್ಲಿ ಗುಂಡಿ ಇರುವ ಎರಡು ಅಂಗಿ ತನ್ನಿ, ತಲೆಯಿಂದ ಹಾಕುವುದು ಅವಳಿಗೆ ಆಗುತ್ತಿಲ್ಲ. ಬೈದು ಮುಗಿದ ಮೇಲೆ ನನಗೆ ಅವಳ ಜಡೆ ಹೆಣೆಯುವುದನ್ನು ಕಲಿಸಿಕೊಡಿ. ನಾನು ಹೆಣೆದದ್ದು ಬಾಗಿಲು ದಾಟುವುದರೊಳಗೆ ಬಿಚ್ಚಿಹೋಗುತ್ತದೆ. ಅವಳು ಚೆನ್ನಾಗಿದೆ ಎನ್ನುತ್ತಾಳೆ.

ತಲೆ ತಗ್ಗಿಸಿ,
ನಿಮ್ಮ ಅಳಿಯ