ಬೇರೆ ತಟ್ಟೆ

ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ

ಸರ್ವಶಕ್ತನ ಸಾಕ್ಷಿಯಾಗಿ, ಸ್ವಸ್ಥ ಚಿತ್ತದಿಂದ, ಅಸ್ವಸ್ಥ ದೇಹದಿಂದ ಒಪ್ಪಿಕೊಳ್ಳುತ್ತೇನೆ — ಇಂದು ಮರಾಕೆಶ್ ನಗರಸಭೆಗೆ ಸೇರಿದ ಒಂದು ಕಿತ್ತಳೆ ಕದ್ದೆ. ಬೀದಿಬದಿಯ ಮರ. ಕಹಿ ಕಿತ್ತಳೆ, ನೊಣವೂ ಮೂಸುವುದಿಲ್ಲ. ಕದ್ದರೂ ಲಾಭವಿಲ್ಲದ ಮಾಲು ಕದಿಯುವುದೇ ನನ್ನ ಹಣೆಬರಹ.

ವೇಷ ಮಾತ್ರ ನುರಿತ ಕಳ್ಳನದು. ಟೋಪಿ, ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ, ಮೂಗಿನ ಮೇಲೆ ಬಿಸಿಲಿನ ಕ್ರೀಮು. ಕಾರು ನಿಲ್ಲಿಸುವ ಜಾಗದ ಕಾವಲುಗಾರ ನೋಡಿದ. “ಹಾಜೀ, ಬ್ಯಾಂಕು ಮುಂದಿನ ತಿರುವಿನಲ್ಲಿದೆ!”

ಮನೆಯಲ್ಲಿ ನನ್ನ ಹೆಂಡತಿ ಬತೂಲ್ ಹಣ್ಣನ್ನು ಸೋಪು ಹಾಕಿ ತೊಳೆದಳು. ಆಮೇಲೆ ಕಸದ ಬುಟ್ಟಿಗೆ ಎಸೆದಳು. ತೊಳೆದು ಎಸೆಯುವಷ್ಟು ಮಡಿ ಜಗತ್ತಿನಲ್ಲಿ ನಮ್ಮ ಮನೆಯದೊಂದೇ.

ಆದರೆ ಬೆಳಗಿನ ಆ ತಂಪು ಗಾಳಿ... ಅದನ್ನು ತೊಳೆಯುವುದು ಅವಳಿಗೂ ಆಗಲಿಲ್ಲ.

ಏಪ್ರಿಲ್ 8

ಡಾಕ್ಟರ್ ಘಿತಾ. ನನ್ನ ಹಳೆಯ ವಿದ್ಯಾರ್ಥಿನಿ. ಭೂಗೋಳದಲ್ಲಿ ನಾನು ಕೊಟ್ಟ ಅಂಕಗಳ ಸೇಡು ಈಗ ತೀರಿಸಿಕೊಳ್ಳುತ್ತಿದ್ದಾಳೆ.

ಕಳೆದ ವರ್ಷ ಬತೂಲ್ ತನ್ನದೊಂದು ಕಿಡ್ನಿ ಕೊಟ್ಟಳು. ಹೊಸದಾಗಿ ಬಂದವಳನ್ನು ನನ್ನ ದೇಹ ಪರಕೀಯಳೆಂದು ಓಡಿಸಬಾರದಲ್ಲ — ಅದಕ್ಕೆ ಒಳಗಿನ ಕಾವಲಿನವರಿಗೆಲ್ಲ ದಿನಾ ಮಂಪರಿನ ಮಾತ್ರೆ. ಕಾವಲು ಮಲಗಿದ ಮನೆಗೆ ಯಾವ ಕಳ್ಳನೂ ನುಗ್ಗಬಹುದು. ‘ರೋಗನಿರೋಧಕ ಶಕ್ತಿ’ ಎಂಬ ಅಷ್ಟುದ್ದದ ಪದದಲ್ಲಿ ನನ್ನ ಪಾಲಿಗೆ ಉಳಿದದ್ದು ಮೊದಲೆರಡು ಅಕ್ಷರ.

“ಶುಕ್ರವಾರ ಸ್ನೇಹಿತರ ವನಭೋಜನ. ಹೋಗಲಾ?”

“ಹೋಗಿ ಉಸ್ತಾದ್. ಮನೇಲೇ ಕೂತು ಬೂಸ್ಟು ಹಿಡೀಬೇಡಿ. ಬಯಲು ಗಾಳಿ ಒಳ್ಳೇದೇ. ನೆರಳಲ್ಲಿ ಕೂತ್ಕೊಳ್ಳಿ. ಕಾಲುವೆ ನೀರು ಮುಟ್ಟಬೇಡಿ, ಮಣ್ಣು ಕೆದಕಬೇಡಿ, ಬೆಕ್ಕು ಮುದ್ದಾಡಬೇಡಿ. ಯಾರಾದ್ರೂ ಕೆಮ್ಮಿದ್ರೆ ಎದ್ದು ಬಂದ್ಬಿಡಿ.”

“ತಂಜಿಯಾ ತಿನ್ನಬಹುದಾ?”

“ರಾತ್ರಿಯೆಲ್ಲಾ ಬೂದೀಲಿ ಬೆಂದ ಮಾಂಸಕ್ಕೆ ಏನು ರೋಗ? ಬಿಸಿ ಇರೋವಾಗಲೇ ನಿಮ್ಮ ತಟ್ಟೆಗೆ ಬೇರೆ ಹಾಕಿಸ್ಕೊಳ್ಳಿ. ಎಲ್ಲರೂ ಕೈ ಹಾಕೋ ತಟ್ಟೆಗೆ ಮಾತ್ರ ಕೈ ಹಾಕಬೇಡಿ.”

ಮಿಕ್ಕಿದ್ದೆಲ್ಲ ಸುಲಭ. ಇದೊಂದೇ... ನಾವು ಬೇರೆ ತಟ್ಟೆ ಕೇಳುವುದು ಜಗಳವಾಡಿದವರ ಮನೆಯಲ್ಲಿ.

ಏಪ್ರಿಲ್ 10

ತುಹಾಮಿಯ ಫೋನು. ಚಪ್ಪಲಿ ಹೊಲಿಯುವವನು, ನನ್ನ ಓಣಿಯವನೇ. ಮೀಸೆ ಮೂಡುವ ಮುಂಚಿನಿಂದ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು.

“ಏನೋ ಉಸ್ತಾದ್, ಇದ್ದೀಯೋ ಹೋದ್ಯೋ?”

“ಅರ್ಧರ್ಧ ಕಣೋ. ಅರ್ಧ ನಾನು, ಅರ್ಧ ಬತೂಲ್.”

“ನಾಳೆ ಬಾ. ತಂಜಿಯಾ ಮಡಕೆ ತುಂಬಿಸಿ ಹಮಾಮಿನ ಸ್ನಾನದ ನೀರು ಕಾಯಿಸೋ ಒಲೆಯವನಿಗೆ ಕೊಟ್ಟಾಯ್ತು. ನಿನ್ನ ವ್ಯವಸ್ಥೆ ಎಲ್ಲಾ ಆಗಿದೆ.” ಮತ್ತೆ ಅದನ್ನೇ ಹೇಳಿದ: “ಎಲ್ಲಾ ಆಗಿದೆ, ಬಾ.”

ಬತೂಲ್ ಬಾಗಿಲಲ್ಲೇ ನಿಂತಿದ್ದಳು. “ಹೋಗಿ ಉಸ್ತಾದರೇ, ಬೇಡ ಅನ್ನಲ್ಲ. ನನ್ನ ಕಿಡ್ನಿ ಇಲ್ಲೇ ಇಟ್ಟು ಹೋಗಿ.”

ಕೊನೆಗೆ ನನ್ನ ನೀರಿನ ಬಾಟಲಿ ತಾನೇ ತುಂಬಿಸಿಟ್ಟಳು.

ಅವರು ದೊಡ್ಡ ತಟ್ಟೆಗೆ ಕರೆದಾಗ ಬೇಡವೆನ್ನುವ ಮಾತುಗಳನ್ನು ರಾತ್ರಿ ಊಟದ ಹೊತ್ತಿಗೆ ಸಿದ್ಧಪಡಿಸಿಕೊಂಡೆ. ಬಲವಂತ ಮಾಡುವವರನ್ನು ನಗಿಸಿ ಜಾರಿಕೊಳ್ಳಬೇಕು. ಅದೂ ಒಂದು ಕಲೆ.

ಏಪ್ರಿಲ್ 11, ಶುಕ್ರವಾರ. ಸಂಜೆ

ದಿಗ್ವಿಜಯ.

ಊರಗೋಡೆಯಾಚೆಯ ಆಲಿವ್ ತೋಟ. ಗಾಳಿ ಬರುವ ಕಡೆ ಕೂತೆ. ನೆರಳು, ಟೋಪಿ, ಕ್ರೀಮು — ಘಿತಾ ಕಂಡಿದ್ದರೆ ನೂರಕ್ಕೆ ನೂರು. ಗೆಳೆಯ ಮುಫದ್ದಲ್ ಮಡಕೆಯ ಬಾಯಿಗೆ ಕಟ್ಟಿದ ಕಾಗದ ಬಿಚ್ಚಿದ. ಜೀರಿಗೆ, ಬೆಳ್ಳುಳ್ಳಿ, ಉಪ್ಪಿನ ನಿಂಬೆ... ಮಾಸ್ಕ್ ದಾಟಿಯೂ ಬಂತು ವಾಸನೆ.

ಎಲ್ಲರೂ ದೊಡ್ಡ ತಟ್ಟೆಯ ಸುತ್ತ. ತುಹಾಮಿ ಆಣೆಯೇ ಹಾಕಿಬಿಟ್ಟ — “ಈ ತಟ್ಟೆಗೆ ನೀನು ಕೈ ಹಾಕ್ಲಿಲ್ಲ ಅಂದ್ರೆ ನನ್ನ ಹೆಂಡ್ತಿಗೆ ತಲಾಖ್!”

ನಾನು: “ಈ ಸಂತೋಷದ ಸುದ್ದಿ ಅವಳಿಗೆ ಯಾರು ಮುಟ್ಟಿಸ್ತೀರ್ರೋ?”

ಬಿದ್ದು ಬಿದ್ದು ನಕ್ಕರು. ಎಷ್ಟು ಎಳೆದರೂ ನಾನು ಜಗ್ಗಲಿಲ್ಲ. ನನ್ನ ತಟ್ಟೆ, ನನ್ನ ಲೋಟ. ಅಷ್ಟೂ ಜನರನ್ನು ಮಾರುದೂರ ಇಟ್ಟೂ ಒಬ್ಬರ ಮನಸ್ಸೂ ನೋಯಿಸಲಿಲ್ಲ. ಮಡಿಯವನೂ ಮನುಷ್ಯನಾಗಿರಬಹುದು ಎಂದು ತೋರಿಸಿಕೊಟ್ಟೆ.

ಏಪ್ರಿಲ್ 13

ಸ್ವಲ್ಪ ಹೊಟ್ಟೆ ಸರಿಯಿಲ್ಲ. ಮೈ ಬೆಚ್ಚಗೆ. ಬಿಸಿಲಿರಬೇಕು.

“ತೋಟದಲ್ಲಿ ಏನು ತಿಂದ್ರಿ?” — ಬತೂಲ್. ಮತ್ತೆ ಮತ್ತೆ ಅದೇ ಪ್ರಶ್ನೆ.

“ನನ್ನ ತಟ್ಟೇಲಿ ಇದ್ದದ್ದು.”

ನನ್ನ ಮುಖವನ್ನೇ ನೋಡಿದಳು. ಪತಿಗೆ ಪಥ್ಯ, ಸತಿಗೆ ಸತ್ಯ. ಎರಡೂ ಗಂಟಲಲ್ಲಿ ಇಳಿಯವು.

ಏಪ್ರಿಲ್ 14, ಸೋಮವಾರ. ಬೆಳಿಗ್ಗೆ

ಜ್ವರ ಮೂವತ್ತೆಂಟೂವರೆ ಡಿಗ್ರಿ ಸೆಲ್ಸಿಯಸ್. ಬತೂಲ್ ಟ್ಯಾಕ್ಸಿ ತರಲು ಓಡಿದ್ದಾಳೆ. ಘಿತಾ ಫೋನಿನಲ್ಲಿ ಬೈದಳು — “ಜ್ವರ ಬಂದ ಗಳಿಗೇಲೇ ಫೋನ್ ಮಾಡಬೇಕಿತ್ತು! ಏನು ತಿಂದ್ರಿ, ಎಲ್ಲಿ ತಿಂದ್ರಿ, ಬಂದ ತಕ್ಷಣ ನಿಜ ಹೇಳ್ಬೇಕು. ಆ ಕಿಡ್ನಿ ಉಳಿಸ್ಕೋಬೇಕು ಉಸ್ತಾದ್, ತಮಾಷೆ ಮಾಡಬೇಡಿ.”

ಅಲ್ಲಿ ಹೇಳುವ ಮುನ್ನ ಇಲ್ಲೊಮ್ಮೆ ಅಭ್ಯಾಸ.

ಶುಕ್ರವಾರ ಬರೆದದ್ದು ಸುಳ್ಳು. ಯಾರೂ ಆಣೆ ಹಾಕಲಿಲ್ಲ. ತಲಾಖಿನ ಜೋಕು ಮನೆಯಿಂದಲೇ ಕಟ್ಟಿಕೊಂಡು ಹೋದ ಬುತ್ತಿ. ಬಿಚ್ಚುವ ಸಂದರ್ಭವೇ ಬರಲಿಲ್ಲ.

ನಾನು ತಲುಪುವಷ್ಟರಲ್ಲಿ ನನಗೆ ಬೇರೆ ಚಾಪೆ ಹಾಸಿತ್ತು. ಮರದ ಆಚೆ. ಬೇರೆ ತಟ್ಟೆ, ಬೇರೆ ಲೋಟ. ಕೆನ್ನೆಗೆ ಮುತ್ತಿಡದೆ ಬಿಡದ ತುಹಾಮಿ ಎದೆಗೆ ಕೈಯಿಟ್ಟು ದೂರದಿಂದಲೇ ಸಲಾಂ ಎಂದ. ನನ್ನ ಕಾಳಜಿಯಿಂದ ಎಂದುಕೊಂಡೆ. ಕಣ್ಣೂ ಒದ್ದೆಯಾಯಿತು. ಆಮೇಲೆ ಮುಫದ್ದಲನ ಪಿಸುಮಾತು ಗಾಳಿಯಲ್ಲಿ ಬಂತು.

“ಅಂಟುತ್ತಾ ಅದು?”

“ಯಾರಿಗ್ಗೊತ್ತಪ್ಪ,” ತುಹಾಮಿ ಅಂದ. “ಮನೇಲಿ ಮೊಮ್ಮಕ್ಕಳಿದ್ದಾರೆ ನಂಗೆ.”

ಅವರಿಂದ ನನಗೆ ಅಂಟೀತೆಂದು ನಾನು ಹೆದರಿದ್ದೆ. ನನ್ನಿಂದ ತಮಗೆ ಅಂಟೀತೆಂದು ಅವರು ಹೆದರಿದ್ದರು. ಬಾಯಿಬಿಟ್ಟು ಒಂದು ಮಾತು ವಿವರಿಸಿದ್ದರೆ ಸಾಕಿತ್ತು. ಮುದುಕನಾಗುವವರೆಗೂ ಪಾಠ ಹೇಳಿದ ಬಾಯಿ. ತೆರೆಯಲೇ ಇಲ್ಲ. ಒಬ್ಬನಾದರೂ ಒಮ್ಮೆ, ಬರೀ ಬಾಯುಪಚಾರಕ್ಕೆ, “ಇತ್ಲಾಗೆ ಬಾರೋ” ಅಂದಿದ್ದರೆ! ನಾನು ಒಲ್ಲೆ ಅನ್ನುತ್ತಿದ್ದೆ. ಅಷ್ಟು ಚೆನ್ನಾಗಿ ಒಲ್ಲೆ ಅನ್ನುತ್ತಿದ್ದೆ.

ಊಟ ಮುಗಿಯಿತು. ತುಹಾಮಿ ನನ್ನ ತಟ್ಟೆಯನ್ನು ಕಾಗದದಲ್ಲಿ ಹಿಡಿದೆತ್ತಿ ಕಲ್ಲಿಗೆ ಬಡಿದು ಒಡೆದ. ಹೊಸ ಮಣ್ಣಿನ ತಟ್ಟೆ. “ಬಿರುಕು ಬಿಟ್ಟಿತ್ತು ಕಣೋ,” ಎಂದ. ಯಾಕೆಂದು ನಾನು ಕೇಳಿರಲಿಲ್ಲ.

ಅವರೆಲ್ಲ ನಮಾಜಿಗೆ ಕೈಕಾಲು ತೊಳೆಯಲು ಕಾಲುವೆಯ ಕಡೆ ಹೋದರು. ದೊಡ್ಡ ತಟ್ಟೆ ಅಲ್ಲೇ ಇತ್ತು. ಬೆಕ್ಕೊಂದು ನೆಕ್ಕುತ್ತಿತ್ತು. ಓಡಿಸಿದೆ. ಮಾಸ್ಕ್ ಇಳಿಸಿದೆ, ಕೈಗವಸು ಕಳಚಿದೆ. ಅವರು ಕಚ್ಚಿ ಬಿಟ್ಟ ರೊಟ್ಟಿಯ ಚೂರೆತ್ತಿಕೊಂಡು ತಟ್ಟೆ ಬಳಿದೆ. ತುಹಾಮಿ ಕೂತಿದ್ದ ಬದಿಯಿಂದ. ಹಸಿವಿರಲಿಲ್ಲ. ತಣ್ಣಗೆ ಹೆಪ್ಪುಗಟ್ಟಿದ ಕೊಬ್ಬು, ರುಚಿಯೂ ಇರಲಿಲ್ಲ.

ಆ ಹೊತ್ತಿನಲ್ಲಿ ಬತೂಲಳ ನೆನಪೇ ಆಗಲಿಲ್ಲ ಎಂದು ಘಿತಾಗೆ ಹೇಳುವುದೆಂದುಕೊಂಡಿದ್ದೇನೆ. ಅದೂ ಸುಳ್ಳು. ಮೊದಲ ತುತ್ತಿಗೇ ನೆನಪಾದಳು. ಎರಡನೆಯ ತುತ್ತು ತಿಂದದ್ದು ನೆನಪಾದ ಮೇಲೆಯೇ. ನಾನು...