ಮೆಟ್ಟಿಲು ತೊಟ್ಟವಳು

ನವೆಂಬರ್ 14, ಸಿಯೋಲ್

‘ವೇರ್’ (wear) ಎಂಬ ಆ ಇಂಗ್ಲಿಷ್ ಪದ ಇನ್ನೂ ತಲೆ ಕೊರೆಯುತ್ತಿದೆ. ನಮ್ಮ ಕೊರಿಯನ್‌ನಲ್ಲಿ ಬಟ್ಟೆ ತೊಡುವುದಕ್ಕೊಂದು, ಟೋಪಿಗೊಂದು, ಬೂಟಿಗೊಂದು ಪದ. ಇಂಗ್ಲಿಷಿನವರು ಎಲ್ಲವನ್ನೂ ಇದೊಂದರಲ್ಲೇ ತುರುಕಿದ್ದಾರೆ. ಇವತ್ತು ಕೋಚಿಂಗ್ ಕ್ಲಾಸಿನ ಅನುವಾದದಲ್ಲಿ ಹಳೆಯ ಕಲ್ಲಿನ ಮೆಟ್ಟಿಲಿಗೂ ಅದೇ ಪದ ಬಂತು. ಮೆಟ್ಟಿಲು ಕಾಲಿಗೆ ಸೇರಿದ್ದಲ್ಲವೇ ಎಂದು ಬೂಟಿನ ಪದ ಹಾಕಿಬಿಟ್ಟೆ.

“ಏನಮ್ಮಾ ಯೊನ್ಸು, ಮೆಟ್ಟಿಲು ಹಾಕ್ಕೊಂಡು ಎಲ್ಲಿಗೆ ಹೊರಟೆ?” ಎಂದರು ಗುಕ್ ಮೇಷ್ಟ್ರು. ಇಡೀ ಕ್ಲಾಸು ನಕ್ಕಿತು. “ಅಲ್ಲಿ ‘ವೇರ್’ ಅಂದ್ರೆ ಸವೆಯೋದು ಕಣಮ್ಮಾ. ಇಷ್ಟು ವರ್ಷದಿಂದ ಇಲ್ಲೇ ಇದ್ದೀಯ, ಗೊತ್ತಾಗ್ಲಿಲ್ವಾ?”

ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಪ್ರತಿ ಸಲವೂ ಫೇಲು. ಕಿಟಕಿಯಿಲ್ಲದ ಈ ಬಾಡಿಗೆ ಕೋಣೆಯಲ್ಲಿ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಬಿಟ್ಟು ಹೋಗೋಣವೆಂದರೆ, ಮಗಳು ಆಫೀಸರಾದಳೆಂದೇ ಅಮ್ಮ ಊರಿಗೆಲ್ಲ ಹೇಳಿಕೊಂಡಿದ್ದಾಳೆ.

ಈಗಷ್ಟೇ ಫೋನು ಮಾಡಿದ್ದಳು. “ಚಳಿ ಕಣೇ. ಏನು ಹಾಕ್ಕೊಂಡಿದ್ದೀಯ?”

“ನೀನು ಕೊಡಿಸಿದ ಬೂದು ಸ್ವೆಟರು.”

“ಇನ್ನೂ ಅದೇನಾ? ಹರಿದಿಲ್ವಾ?”

“ಇಲ್ಲಮ್ಮಾ, ಗಟ್ಟಿ ಇದೆ.”

ಮೇಜಿಗೆ ಉಜ್ಜಿ ಉಜ್ಜಿ ಮೊಣಕೈ ಹತ್ತಿರ ಸವೆದು ಚರ್ಮ ಕಾಣುತ್ತಿದೆ. ಸ್ವೆಟರನ್ನು ನಾನು ತೊಟ್ಟಿದ್ದೇನೆ. ಈ ಕೋಣೆ ನನ್ನನ್ನು ತೊಟ್ಟಿದೆ, ದಿನವೂ, ಒಮ್ಮೆಯೂ ಬಿಚ್ಚದೆ.